ಹೈಫರ್ ಗೋಮಾತೆ ಆಗಿದ್ದು ಯಾವಾಗ?

ನಮಸ್ಕಾರ,

‘ಕೊಟ್ಟಿಗೆಯಲ್ಲಿ ಕೌ, ತಟ್ಟೆಯಲ್ಲಿ ಬೀಫ್’ ಲೇಖನ ಕೈಸೇರಿತು. ಸಾಕುಪ್ರಾಣಿಗಳ ಇಂಗ್ಲಿಷ್ ಹೆಸರುಗಳು ಎಲ್ಲಿಂದ ಬಂದವು ಅನ್ನುವ ವಿಷಯ ಚೆನ್ನಾಗಿದೆ. ತಲೆಬರಹವೂ ಚೆನ್ನಾಗಿದೆ. ಕಾಗುಣಿತ ತಿದ್ದುವ ಕೆಲಸ ನನಗೆ ಉಳಿಸಿಲ್ಲ, ಅದಕ್ಕೆ ಥ್ಯಾಂಕ್ಸ್. ಹೊಗಳಿಕೆ ಇಷ್ಟು ಸಾಕು ಅಲ್ವಾ? ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು.

ನೀವು ಬರೆದದ್ದು: “1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅಂದಿನಿಂದ ಪ್ರಾಣಿ ಸಾಕುವ ಬಡವರ ಬಾಯಲ್ಲಿ ಕೌ, ಶೀಪ್, ಸ್ವೈನ್ ಉಳಿದವು. ಮಾಂಸ ತಿನ್ನುವ ದೊರೆಗಳ ಬಾಯಲ್ಲಿ ಬೀಫ್, ಮಟನ್, ಪೋರ್ಕ್ ಬಂದವು.”

ಈ ಕಥೆ ನನ್ನ ಮೇಜಿಗೆ ಬರುತ್ತಿರುವುದು ಇದೇ ಮೊದಲಲ್ಲ. ಇದನ್ನು ಮನೆಮಾತು ಮಾಡಿದವನು ವಾಲ್ಟರ್ ಸ್ಕಾಟ್. 1819ರ ಕೊನೆಗೆ ಬಂದ ‘ಐವನ್‌ಹೋ’ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ವಾಂಬ ಎಂಬ ವಿದೂಷಕ, ಗರ್ಥ್ ಎಂಬ ಹಂದಿ ಕಾಯುವವನಿಗೆ ಇದನ್ನೇ ಹೇಳುತ್ತಾನೆ. ವಿದೂಷಕ ಹೇಳಿದ ಮಾತ್ರಕ್ಕೆ ಸುಳ್ಳಾಗಬೇಕಿಲ್ಲ. ದನ, ಕುರಿ, ಹಂದಿಗೆ ಹೇಳುವ ಕೌ, ಶೀಪ್, ಸ್ವೈನ್ ಹಳೆಯ ಇಂಗ್ಲಿಷಿನವು, ಅವುಗಳ ಮಾಂಸಕ್ಕೆ ಹೇಳುವ ಉಳಿದ ಮೂರು ನಾರ್ಮನ್ನರ ಮಾತಾದ ಫ್ರೆಂಚಿನಿಂದ ಬಂದವು. ಅಷ್ಟು ನಿಜ. ನನ್ನ ತಕರಾರು ಇರುವುದು ನಿಮ್ಮ ‘ಅಂದಿನಿಂದ’ದ ಮೇಲೆ.

ಆ ಫ್ರೆಂಚ್ ಪದಗಳು ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳುವುದೇ 1300ರ ಆಸುಪಾಸಿನಲ್ಲಿ. ಗೆದ್ದವರ ಮೊಮ್ಮಕ್ಕಳೂ ಅಷ್ಟು ಹೊತ್ತಿಗೆ ಮಣ್ಣಾಗಿದ್ದರು. ಬಂದ ಮೇಲಾದರೂ ತಟ್ಟೆಯಲ್ಲೇ ಸುಮ್ನೆ ಕೂತವಾ? ಇಲ್ಲ. ಶೇಕ್ಸ್‌ಪಿಯರ್‌ನ ‘ಮರ್ಚೆಂಟ್ ಆಫ್ ವೆನಿಸ್’ ತೆಗೆದು ನೋಡಿ. ಒಂದು ಪೌಂಡ್ ನರಮಾಂಸಕ್ಕೆ ಕರಾರು ಹಾಕುವ ಶೈಲಾಕ್, ಅದಕ್ಕೆ ಮಟನ್‌ಗಳ, ಬೀಫ್‌ಗಳ, ಮೇಕೆಗಳ ಮಾಂಸದಷ್ಟೂ ಬೆಲೆಯಿಲ್ಲ ಅನ್ನುತ್ತಾನೆ. ಅಲ್ಲಿ ಮಟನ್ ಅಂದರೆ ನಾಲ್ಕು ಕಾಲಿನ ಮೇಲೆ ನಿಂತ ಕುರಿ. ಬೀಫ್ ಅಂದರೆ ಮೇಯುವ ದನ. 1066 ಕಳೆದು ಐನೂರು ವರ್ಷಕ್ಕಿಂತ ಜಾಸ್ತಿ ಆದ ಮೇಲಿನ ಮಾತಿದು.

ಮುಂದಿನ ಸಾಲು: “ಹೀಗೆ ಪ್ರತಿಯೊಂದು ಪ್ರಾಣಿಗೂ ಎರಡೆರಡು ಹೆಸರಾಯಿತು.” ಪ್ರತಿಯೊಂದಕ್ಕೂ? ಲ್ಯಾಂಬ್, ಅಂದರೆ ಕುರಿಮರಿ, ಕೊಟ್ಟಿಗೆಯಲ್ಲೂ ಲ್ಯಾಂಬೇ, ತಟ್ಟೆಯಲ್ಲೂ ಲ್ಯಾಂಬೇ. ಗೂಸ್ ಕೂಡ ಹಾಗೇ. ದೊರೆಗಳು ಹೆಬ್ಬಾತು ತಿನ್ನದೆ ಉಪವಾಸ ಇದ್ದರಾ?

ಇನ್ನು ಐದನೇ ಪ್ಯಾರಾ: “ದನಗಳಿಗೆ ಕ್ಯಾಟಲ್ ಎನ್ನುತ್ತಾರೆ. ಇದು ಸಂಪತ್ತು ಎಂಬರ್ಥದ ಪದದಿಂದ ಬಂದಿದೆ.” ಇಷ್ಟು ಹೇಳಿ ಹೊರಟೇ ಹೋದಿರಲ್ಲ ಮಾರಾಯ್ರೇ! ಕ್ಯಾಟಲ್ ಕೂಡ ನಾರ್ಮನ್ನರ ಫ್ರೆಂಚೇ. ಮೊದಲು ಅದರ ಅರ್ಥ ಆಸ್ತಿ, ಅದರಲ್ಲೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದಾದ ಆಸ್ತಿ. ಬಂಡವಾಳಕ್ಕೆ ಹೇಳುವ ಕ್ಯಾಪಿಟಲ್ ಕೂಡ ಅದೇ ಲ್ಯಾಟಿನ್ ಬೇರಿನದು. ಆಮೇಲೆ ಕುರಿ, ಹಂದಿ, ಕುದುರೆ ಎಲ್ಲವೂ ಕ್ಯಾಟಲ್ ಅನ್ನಿಸಿಕೊಂಡವು. ಕೊನೆಗೆ ದನಗಳಿಗಷ್ಟೇ ಆ ಹೆಸರು ನಿಂತಿತು. ಅಂದರೆ ದೊರೆಗಳ ಪದವೊಂದು ಅಡುಗೆಮನೆಯ ಕಡೆ ತಿರುಗಿಯೂ ನೋಡದೆ ಸೀದಾ ಕೊಟ್ಟಿಗೆಗೆ ಬಂದಿದೆ. ನಿಮ್ಮ ಎರಡನೇ ಪ್ಯಾರಾ ಹೇಳಿದ್ದನ್ನು ಐದನೆಯದು ಹೊಡೆದುಹಾಕುತ್ತಿದೆ. ನಿಮ್ಮ ಗಮನಕ್ಕೆ ಬರಲಿಲ್ವಾ?

ಎರಡನೇ ತಕರಾರು ನಿಮ್ಮ ಕನ್ನಡದ ಮೇಲೆ. ದೊರೆಗಳ ಪದ, ಆಳುಗಳ ಪದ ಅಂತ ಅಷ್ಟೆಲ್ಲ ಮರುಗುವ ನೀವು ಹಂದಿಗೆ ಸೂಕರ, ಕೋಳಿಗೆ ಕುಕ್ಕುಟ ಅಂತ ಸಂಸ್ಕೃತ ಬರೀತೀರಿ. ಅದರಿಂದ ಗೊಂದಲವೂ ಆಗಿದೆ, ನೋಡಿ: “ವೃಷಭಕ್ಕೆ ಬುಲ್, ಆಕ್ಸ್, ಸ್ಟಿಯರ್ ಎಂಬ ಪರ್ಯಾಯ ಪದಗಳಿವೆ.” ಎಲ್ಲಿಯ ಪರ್ಯಾಯ? ಬುಲ್ ಅಂದರೆ ಗೂಳಿ. ಆಕ್ಸ್ ಅಂದರೆ ಬೀಜ ಒಡೆಸಿ ನೊಗಕ್ಕೆ ಪಳಗಿಸಿದ ಎತ್ತು. ಸ್ಟಿಯರ್ ಕೂಡ ಬೀಜ ಒಡೆಸಿದ್ದೇ, ಆದರೆ ಎಳೆಯದು, ಹೆಚ್ಚಾಗಿ ಮಾಂಸಕ್ಕೆಂದು ಬೆಳೆಸುವುದು. ಗೂಳಿ, ಎತ್ತು ಅಂತ ಬರೆದಿದ್ದರೆ ಈ ವಾಕ್ಯ ನಿಮ್ಮ ಕೈಯಿಂದ ಬರುತ್ತಲೇ ಇರಲಿಲ್ಲ.

“ಹೈಫರ್ ಎಂದರೆ ಯುವ ಗೋಮಾತೆ.” ಇದನ್ನು ಓದಿ ಜೋರಾಗಿ ನಕ್ಕೆ. ಹೈಫರ್ ಅಂದರೆ ಇನ್ನೂ ಕರು ಹಾಕದ ಕಡಸು. ಕರುವನ್ನೇ ಹಾಕದ್ದು ಮಾತೆ ಹೇಗಾಗುತ್ತೆ?

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಅಲ್ಲಿನ ಹಿರಿಯರೊಬ್ಬರು ನನ್ನನ್ನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕಳಿಸಿದರು. “ರೇಟು ಯಾರು ಬೇಕಾದ್ರೂ ಬರೀತಾರೆ. ನೀನು ಮಾತು ಬರ್ಕೊಂಡು ಬಾ” ಅಂದರು. ಹೋಗಿ ದಲ್ಲಾಳಿಗಳ ಹಿಂದೆ ಸುತ್ತಿದೆ. ಒಬ್ಬ ಹಳ್ಳಿಕಾರ್ ತಳಿಯ ಹೋರಿಯ ಮೂಗುದಾರ ಹಿಡಿದು, ಕೆಳತುಟಿ ಇಳಿಸಿ, ವಯಸ್ಸು ತಿಳಿಯೋಕೆ ಹಲ್ಲು ನೋಡಿ “ಎರಡಲ್ಲು” ಅಂದ. ಪಕ್ಕದ್ದು ನಾಲ್ಕಲ್ಲು. ಆಚೆಯ ಜೋಡಿ ಬಾಯ್ಗೂಡಿದ್ದು, ಅಂದರೆ ಹಲ್ಲೆಲ್ಲ ಬಂದು ಮುಗಿದ ಎತ್ತುಗಳು. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ರೇಟು ಹೇಳುವ ವ್ಯಾಪಾರ. ಕಡಸು, ಹೋರಿ, ಗೂಳಿ, ಎತ್ತು ಯಾವುದನ್ನೂ ಅವರು ಅದಲುಬದಲು ಮಾಡಲಿಲ್ಲ. ಮಾಡಿದರೆ ದುಡ್ಡು ಹೋಗುತ್ತೆ. ವೃಷಭ ಅಂದರೆ ಅವರಿಗೆ ರಾಶಿ, ಅಷ್ಟೇ. ನಾನು ಬರೆದುಕೊಂಡು ಬಂದ ಪಟ್ಟಿಯನ್ನು ಹಿರಿಯರು ಪೂರ್ತಿ ಓದಿ, ಒಂದು ಮಾತೂ ಆಡದೆ ಹಾಗೇ ಕಂಪೋಸಿಂಗ್‌ಗೆ ಕಳಿಸಿದರು. ಅವರ ಮಟ್ಟಿಗೆ ಅದೇ ದೊಡ್ಡ ಶಹಬ್ಬಾಸ್.

ಲೇಖನ ವಾಪಸ್ ಕಳಿಸುತ್ತಿದ್ದೇನೆ. ಎರಡನೇ ಪ್ಯಾರಾ ಕಿತ್ತುಹಾಕಿ, ಕ್ಯಾಟಲ್‌ನಿಂದಲೇ ಶುರು ಮಾಡಿ. ಟರ್ಕಿ ಕೋಳಿಯ ಭಾಗ ಹಾಗೇ ಇರಲಿ. ಮಟನ್‌ಗೆ ಇನ್ನೂ ಒಂದು ಪ್ಯಾರಾ ಬೇಕು. ಇಂಗ್ಲೆಂಡಿನಲ್ಲಿ ಮಟನ್ ಅಂದರೆ ಬೆಳೆದ ಕುರಿಯ ಮಾಂಸ. ನಮ್ಮ ಮಟನ್ ಸ್ಟಾಲ್‌ಗಳಲ್ಲಿ ಕುರಿ, ಮೇಕೆ ಎರಡಕ್ಕೂ ಬೋರ್ಡಿನ ಮೇಲೆ ಅದೊಂದೇ ಹೆಸರು. ನಿಮ್ಮೂರಿನ ಅಂಗಡಿಯವರನ್ನು ಮಾತಾಡಿಸಿ, ಗಿರಾಕಿಗಳು ಏನಂತ ಕೇಳ್ತಾರೆ ಅಂತ ತಿಳಿದುಕೊಂಡು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಇಟ್ಟಿರುತ್ತೇನೆ. 15ನೇ ತಾರೀಕಿನೊಳಗೆ ಬರಲಿ.

ಇಂತಿ,
ಸಂಪಾದಕ