ಕಾಲಾಸ್ ಒಬ್ಬರೇ ಹಾಡಿದ್ದಲ್ಲ

ನಮಸ್ಕಾರ. ಒಪೆರಾ ಗಾಯಕಿ ಮರಿಯಾ ಕಾಲಾಸ್ 1958ರ ಮಾರ್ಚ್ 27ರಂದು ಲಿಸ್ಬನ್ನಿನ ಸಾವೊ ಕಾರ್ಲೋಸ್ ರಂಗಮಂದಿರದಲ್ಲಿ ಹಾಡಿದ ‘ಲಾ ಟ್ರಾವಿಯಾಟಾ’ ಒಪೆರಾದ ಲೈವ್ ರೆಕಾರ್ಡಿಂಗ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ವಿಷಯವೂ ಹೊಸದು. ಆದರೆ ಹೀಗೇ ಹಾಕಲು ಆಗುವುದಿಲ್ಲ.

ಎರಡನೇ ಪ್ಯಾರಾ ನೋಡಿ. “ಕಾಲಾಸ್ ಕಂಠ ದೈವದತ್ತ, ಕೇಳುಗರನ್ನು ಬೇರೊಂದು ಲೋಕಕ್ಕೆ ಕರೆದೊಯ್ಯುತ್ತದೆ.” ರೆಕಾರ್ಡಿಂಗ್ ಕೇಳದೆಯೂ ಇದನ್ನು ಬರೆಯಬಹುದು, ಅಲ್ವಾ? ಅದರ ಬೆನ್ನಿಗೇ “ಉಳಿದ ಕಲಾವಿದರೂ ತಮ್ಮ ಪಾತ್ರಗಳಿಗೆ ನ್ಯಾಯ ಒದಗಿಸಿದ್ದಾರೆ.” ಇದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಯಾರು ಆ ಉಳಿದವರು? ಕಾಲಾಸ್ ಹಾಡಿದ್ದು ನಾಯಕಿ ವಯೊಲೆಟ್ಟಾಳ ಪಾತ್ರ; ಅವಳ ಪ್ರೇಮಿಯಾಗಿ ಹಾಡಿದ್ದು ಆಲ್ಫ್ರೆಡೊ ಕ್ರೌಸ್, ಆಗ ಅವರಿಗೆ ಬರೀ 30 ವರ್ಷ. ಪ್ರೇಮಿಯ ಅಪ್ಪನಾಗಿ ಮಾರಿಯೊ ಸೆರೆನಿ. ಎರಡನೇ ಅಂಕದಲ್ಲಿ ಈ ಅಪ್ಪ ಬಂದು, ನಿನ್ನಿಂದ ನನ್ನ ಮಗಳ ಮದುವೆ ನಿಂತುಹೋಗುತ್ತದೆ, ನನ್ನ ಮಗನನ್ನು ಬಿಟ್ಟುಬಿಡು ಅಂತ ವಯೊಲೆಟ್ಟಾಳನ್ನು ಕೇಳುತ್ತಾನೆ. ಅವಳು ಒಪ್ಪಿಕೊಳ್ಳುವ ಹೊತ್ತಿಗೆ ಕಾಲಾಸ್ ‘ಆ’ ಅಂತ ಒಂದೇ ಸ್ವರ ಹಿಡಿದು, ತೀರಾ ಸಣ್ಣಗೆ ನಿಲ್ಲಿಸಿ, ಅಲ್ಲಿಂದಲೇ ‘ದೀತೆ ಅಲ್ಲಾ ಜೋವಿನೆ’, ಆ ಹುಡುಗಿಗೆ ಹೇಳಿ, ಅಂತ ಶುರುಮಾಡುತ್ತಾರೆ. ಅವಳು ಸೋತಿದ್ದು ಆ ಒಂದು ಸ್ವರದಲ್ಲಿ. ಎದುರಿಗೆ ನಿಂತು ಸೋಲಿಸಿದವನ ದನಿಯನ್ನೇ ಕೇಳಿಸಿಕೊಳ್ಳದೆ ಇದನ್ನು ಹೇಗೆ ಬರೆಯುತ್ತೀರಿ?

ಇನ್ನೊಂದು ಸಾಲು: “ನಡುನಡುವೆ ಯಾರೋ ಪಿಸುಗುಟ್ಟುವುದು ಕೇಳಿ ರಸಭಂಗವಾಗುತ್ತದೆ.” ಅವರು ಪ್ರಾಂಪ್ಟರ್. ನಮ್ಮ ಕಂಪನಿ ನಾಟಕಗಳಲ್ಲಿ ಸೈಡ್‌ವಿಂಗಿನಲ್ಲಿ ನಿಂತು ಮಾತು ಎತ್ತಿಕೊಡುತ್ತಿದ್ದರಲ್ಲ, ಅದೇ ಕೆಲಸ. ಮೊದಲು ಒಣ ದನಿಯಲ್ಲಿ ಮಾತು ಬರುತ್ತದೆ, ಮರುಕ್ಷಣ ಅದೇ ಮಾತು ಕಾಲಾಸ್ ಬಾಯಲ್ಲಿ ಹಾಡಾಗಿ ಬರುತ್ತದೆ. ಇಡೀ ಲೇಖನದಲ್ಲಿ ನಿಮ್ಮ ಕಿವಿಯಿಂದಲೇ ಬಂದ ಸಾಲು ಇದೊಂದೇ. ಅದನ್ನೂ ದೂರು ಮಾಡಿ ಮುಗಿಸಿಬಿಟ್ಟಿದ್ದೀರಿ.

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಸಂಗೀತ ಕಛೇರಿಗಳ ವರದಿ ನನ್ನ ಪಾಲಿಗೆ ಬರುತ್ತಿತ್ತು. ಹಿರಿಯ ಉಪಸಂಪಾದಕರೊಬ್ಬರು ಕಾಪಿ ಓದಿ, “ಪಿಟೀಲಿನವರು ಏನು ನುಡಿಸಿದರು, ಹೇಳು” ಅನ್ನುತ್ತಿದ್ದರು. ಹೇಳಿದರೆ, “ಇದನ್ನೇ ಬರೆ” ಅಂತ ಕಾಗದ ವಾಪಸ್ ಕೊಡುತ್ತಿದ್ದರು. ಆಮೇಲಾಮೇಲೆ ನಾನು ಸಭೆಯಲ್ಲಿ ಪಿಟೀಲಿನವರ ಕಡೆಗೇ ಹೋಗಿ ಕೂರುತ್ತಿದ್ದೆ.

ಕಾಲಾಸ್ ಜೀವನದ ಕಥೆ ಪೂರ್ತಿ ತೆಗೆಯಿರಿ. ವಯೊಲೆಟ್ಟಾ ಮತ್ತು ಆ ಅಪ್ಪನ ಯುಗಳಗೀತೆ, ಪ್ರಾಂಪ್ಟರ್‌ನ ಆ ಪಿಸುದನಿ, ಇವಿಷ್ಟನ್ನೇ ಇಟ್ಟುಕೊಂಡು ಬರೆಯಿರಿ. ವಾದ್ಯವೃಂದ ನಡೆಸುವ ಫ್ರಾಂಕೊ ಗಿಯೋನೆ ಕಾಲಾಸ್‌ಗಾಗಿ ಎಲ್ಲೆಲ್ಲಿ ಕಾಯುತ್ತಾರೆ ಅನ್ನುವುದನ್ನೂ ಗಮನಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.