ಕಾಸರಗೋಡಿನಲ್ಲಿ ಪರಿಸರ ಕೆಡಿಸದೆ ಕೃಷಿ ಮುಂದುವರಿಸಲು ಸಾಧ್ಯವೇ?

ಖಂಡಿತ ಸಾಧ್ಯ. ಶುರು ಮಾಡಬೇಕಾದದ್ದು ನೀರಿನಿಂದ. ನಮ್ಮಲ್ಲಿ ಮಳೆಗೇನೂ ಕಡಿಮೆಯಿಲ್ಲ. ಆದರೆ ನೆಲ ಇಳಿಜಾರು, ಸಮುದ್ರ ಹತ್ತಿರ, ಬಿದ್ದ ನೀರು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಅಡಿಕೆ ತೋಟ ಒಣಗುತ್ತದೆಂದು ಬೋರ್‌ವೆಲ್ ಕೊರೆಸುತ್ತಾರೆ. ಒಬ್ಬರು ಆಳಕ್ಕೆ ಹೋದರೆ ಪಕ್ಕದವರು ಇನ್ನೂ ಆಳಕ್ಕೆ ಹೋಗಬೇಕಾಗುತ್ತದೆ, ಅಲ್ವಾ?

ಹಿರಿಯರು ಮಳೆ ನಿಂತ ಮೇಲೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡಲಾಗಿ ಕಲ್ಲು, ಮಣ್ಣು ಹಾಕಿ ಕಟ್ಟ ಕಟ್ಟುತ್ತಿದ್ದರು. ನಿಂತ ನೀರು ಮೆಲ್ಲನೆ ಇಂಗಿ ಸುತ್ತಲಿನ ಬಾವಿಗಳಿಗೆ ಸೇರುತ್ತದೆ. ಮುಂದಿನ ಮಳೆಗಾಲಕ್ಕೆ ಮೊದಲು ಬಿಚ್ಚುವುದರಿಂದ ಹೂಳೂ ತುಂಬುವುದಿಲ್ಲ. ಇನ್ನು ಸುರಂಗ. ಮುರಕಲ್ಲಿನ (ಜಂಬಿಟ್ಟಿಗೆ) ಗುಡ್ಡಕ್ಕೆ ಅಡ್ಡಡ್ಡವಾಗಿ ಕೊರೆದರೆ ನೀರು ತಾನಾಗಿ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಆದರೆ ಮೇಲಿನ ಕಾಡು ಕಡಿದರೆ ಅದು ಬತ್ತಬಹುದು.

ಇಳುವರಿಯನ್ನಷ್ಟೇ ನೋಡಿದರೆ ಏನಾಗುತ್ತದೆ ಎಂಬುದು ಈ ಜಿಲ್ಲೆಗೆ ಚೆನ್ನಾಗಿ ಗೊತ್ತು. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಇಡೀ ದೇಶದಲ್ಲಿ ಆ ಕೀಟನಾಶಕವನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಎಷ್ಟೋ ಮನೆಗಳಲ್ಲಿ ಕಾಯಿಲೆಗಳ ಆ ನೋವು ಇಂದಿಗೂ ಇದೆ.

ನೀವು ಕಟ್ಟ ಕಟ್ಟುವುದಾದರೆ ಒಂದಕ್ಕೇ ನಿಲ್ಲಿಸಬೇಡಿ. ನೆರೆಯವರನ್ನೂ ಸೇರಿಸಿಕೊಂಡು ಒಂದೇ ತೋಡಿಗೆ ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಕಟ್ಟಿ. ಹಾಗಾದರೆ ನೀರು ಜಾಸ್ತಿ ದಿನ ಉಳಿಯುತ್ತದೆ.