ದೇವರು ಕಾದಿರಲಿ, ಅತಿಥಿ ಕಾಯದಿರಲಿ

ಪ್ರಶ್ನೆ: ಆದಿಕಾಂಡದ 18ನೇ ಅಧ್ಯಾಯದಲ್ಲಿ ದೇವರು ಅಬ್ರಹಾಮನಿಗೆ ಕಾಣಿಸಿಕೊಂಡ ಬೆನ್ನಿಗೇ ಅವನು ಮೂವರು ದಾರಿಹೋಕರ ಕಡೆಗೆ ಓಡುತ್ತಾನೆ. ದೇವರನ್ನು ಬಿಟ್ಟು ಅತಿಥಿಗಳನ್ನು ಉಪಚರಿಸಿದ್ದನ್ನು ಯೆಹೂದ್ಯ ವಿದ್ವಾಂಸರು ಹೇಗೆ ಒಪ್ಪುತ್ತಾರೆ? ಯೆಹೂದ್ಯರ ಮೂಲ ಧರ್ಮಗ್ರಂಥವಾದ ತೋರಾದ ಇಂಥ ಕಥೆಗಳಿಗೆ ಗೂಢಾರ್ಥವಿದೆ ಎನ್ನುವುದು ನಿಜವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒಪ್ಪುವುದಷ್ಟೇ ಅಲ್ಲ, ಅದರಿಂದಲೇ ಒಂದು ನಿಯಮವನ್ನು ಹೊರಡಿಸಿದ್ದಾರೆ. ದೈವಸಾನ್ನಿಧ್ಯವನ್ನು ಎದುರುಗೊಳ್ಳುವುದಕ್ಕಿಂತ ಅತಿಥಿಗಳನ್ನು ಬರಮಾಡಿಕೊಳ್ಳುವುದು ಮಿಗಿಲು ಎಂಬುದು ಯೆಹೂದ್ಯ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿ ರಾವ್ ಎಂಬ ಗುರುವಿನ ಹೆಸರಿನಲ್ಲಿ ಬರುವ ಮಾತು. ‘ಸ್ವಾಮೀ, ನಿನ್ನ ದಾಸನನ್ನು ದಾಟಿ ಹೋಗಬೇಡ’ ಎಂದು ಅಬ್ರಹಾಮನು ಬೇಡಿಕೊಂಡದ್ದು ಆ ಮೂವರ ಮುಖ್ಯಸ್ಥನನ್ನೋ, ‘ಸ್ವಲ್ಪ ಕಾದಿರು’ ಎಂದು ದೇವರನ್ನೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದ್ದು, ಫ್ರಾನ್ಸಿನ ತ್ರ್ವಾ ಪಟ್ಟಣದ ವ್ಯಾಖ್ಯಾನಕಾರ ರಾಶಿ (1040–1105) ಎರಡನ್ನೂ ದಾಖಲಿಸಿದ್ದಾನೆ. ರಾವ್‌ನ ಮಾತು ನಿಂತಿರುವುದು ಎರಡನೆಯದರ ಮೇಲೆ.

ತಾಲ್ಮುದ್ ಈ ದೃಶ್ಯವನ್ನು ಇನ್ನಷ್ಟು ಬೆಳೆಸುತ್ತದೆ. ತೊಂಬತ್ತೊಂಬತ್ತರ ವಯಸ್ಸಿನಲ್ಲಿ ಸುನ್ನತಿಯಾದ ಮೂರನೆಯ ದಿನ ನೋವಿನಲ್ಲಿರುವ ಅಬ್ರಹಾಮನಿಗೆ ಯಾರೂ ತೊಂದರೆ ಕೊಡದಿರಲೆಂದು ದೇವರು ಸೂರ್ಯನನ್ನು ಒರೆಯಿಂದ ಹಿರಿದು ಉರಿಬಿಸಿಲು ಕಾಯಿಸುತ್ತಾನೆ. ಆದರೆ ಊಟಕ್ಕೆ ಕರೆಯಲು ಒಬ್ಬನೂ ಸಿಗಲಿಲ್ಲವೆಂದು ಮುದುಕ ಕೊರಗುವುದನ್ನು ಕಂಡು ದೇವದೂತರನ್ನೇ ಮನುಷ್ಯರೂಪದಲ್ಲಿ ಕಳುಹಿಸಬೇಕಾಗುತ್ತದೆ. ಅಬ್ರಹಾಮನು ಬಾಯಲ್ಲಿ ಹೇಳಿದ್ದು ಒಂದು ತುತ್ತು ರೊಟ್ಟಿ. ಬಡಿಸಿದ್ದು ಬೆಣ್ಣೆ, ಹಾಲು, ಎಳೆಗರುವಿನ ಮಾಂಸ. ಮೂವರಿಗೂ ಸಾಸಿವೆ ಹಚ್ಚಿದ ಒಂದೊಂದು ನಾಲಿಗೆ ಸಿಗಲೆಂದು ಮೂರು ಕರುಗಳನ್ನು ಕೊಯ್ಯಿಸಿದನೆಂದು ಲೆಕ್ಕ ಹಾಕುವ ಮಟ್ಟಿಗೆ ಆ ಗುರುಗಳು ಅಡುಗೆಮನೆಯೊಳಗೆ ಇಣುಕಿದ್ದಾರೆ!

ಇನ್ನು ಗೂಢಾರ್ಥದ ವಿಷಯ. ಅಕ್ಷರಾರ್ಥ, ಸೂಚನೆ, ಬೋಧನೆ, ರಹಸ್ಯ ಎಂಬ ನಾಲ್ಕು ಸ್ತರಗಳನ್ನು ಯೆಹೂದ್ಯ ಸಂಪ್ರದಾಯ ಗುರುತಿಸುತ್ತದೆ. ಕಥೆಗಳು ತೋರಾದ ಉಡುಪು ಮಾತ್ರ, ಉಡುಪನ್ನೇ ತೋರಾ ಎಂದು ಭ್ರಮಿಸುವವನು ಮೂಢ ಎಂದು ಅನುಭಾವ ಗ್ರಂಥವಾದ ಜೋಹರ್ ಕಟುವಾಗಿಯೇ ಹೇಳುತ್ತದೆ. ಹಾಗೆಂದು ಒಳಗಿನ ಅರ್ಥ ಸಿಕ್ಕ ಮೇಲೆ ರೊಟ್ಟಿ, ನೀರು ಬೇಡವಾಗುತ್ತವೆಯೇ? ಹನ್ನೆರಡನೆಯ ಶತಮಾನದ ಯೆಹೂದ್ಯ ತತ್ವಜ್ಞಾನಿ ಮೈಮೋನಿಡೀಸ್‌ನ ಉದಾಹರಣೆ ನೋಡಿ. ಅಬ್ರಹಾಮನು ಅತಿಥಿಗಳನ್ನು ಕಂಡ ಮಮ್ರೆ ಎಂಬ ಸ್ಥಳದ ಪ್ರಸಂಗವಿಡೀ ಪ್ರವಾದಿಯ ದರ್ಶನವೆಂಬುದು ಅವನ ತಾತ್ವಿಕ ನಿಲುವು. ಹಾಗಾದರೆ ಅಬ್ರಹಾಮನ ಹೆಂಡತಿ ಸಾರಾ ಅತಿಥಿಗಳಿಗಾಗಿ ಹಿಟ್ಟು ನಾದಲೇ ಇಲ್ಲವೇ ಎಂದು ಮುಂದಿನ ಶತಮಾನದ ವ್ಯಾಖ್ಯಾನಕಾರ ನಹ್ಮನಿಡೀಸ್ ಅವನ ಮೇಲೆ ಹರಿಹಾಯ್ದ. ಆದರೆ ಅದೇ ಮೈಮೋನಿಡೀಸ್ ತನ್ನ ಧರ್ಮಶಾಸ್ತ್ರದಲ್ಲಿ, ದಾರಿಹೋಕರಿಗೆ ಅನ್ನ ನೀರು ಕೊಟ್ಟು ಬೀಳ್ಕೊಡುವುದು ಅಬ್ರಹಾಮನು ಹಾಕಿಕೊಟ್ಟ ಕಟ್ಟಳೆಯೆಂದೂ, ಅತಿಥಿಯ ಜೊತೆ ನಾಲ್ಕು ಹೆಜ್ಜೆ ಹೋಗಿ ಕಳುಹಿಸದವನು ರಕ್ತ ಚೆಲ್ಲಿದವನಿಗೆ ಸಮನೆಂದೂ ಬರೆದಿಟ್ಟ.

ಜೋಹರ್ ಕೂಡ ಈ ವಿಷಯದಲ್ಲಿ ಸಡಿಲ ಬಿಡುವುದಿಲ್ಲ. ಪರ್ಣಶಾಲೆಗಳ ಹಬ್ಬವಾದ ಸುಕ್ಕೋತ್‌ನಲ್ಲಿ ಅಬ್ರಹಾಮನೇ ಮೊದಲಾದ ಏಳು ದಿವ್ಯ ಅತಿಥಿಗಳನ್ನು ಚಪ್ಪರದೊಳಗೆ ಕರೆಯುವ ಪದ್ಧತಿಗೆ ಮೂಲ ಆ ಗ್ರಂಥವೇ. ಆ ಅತಿಥಿಗಳ ಪಾಲು ಬಡವರಿಗೆ ಸೇರಬೇಕು. ಕೊಡದಿದ್ದರೆ ಏಳು ಮಂದಿಯೂ ಎದ್ದು ಹೊರಟುಹೋಗುತ್ತಾರೆ ಎಂದು ಅದು ಎಚ್ಚರಿಸುತ್ತದೆ.